ದೆವ್ವಕ್ಕೆ ಮನುಷ್ಯರ ಕೆಲಸ ಕೊಡಬೇಡಿ

ಓದುಗರ ಪತ್ರ: "ಸಂಪಾದಕರೇ, ನನ್ನ ಕಾದಂಬರಿಯ ಹಸ್ತಪ್ರತಿ ವಾಪಸ್ ಬಂತು. ಜೊತೆಗೆ ನಿಮ್ಮ ಒಂದು ಸಾಲಿನ ಚೀಟಿ: 'ಯುದ್ಧ ಜೋರಾಗಿದೆ, ಮನುಷ್ಯರು ಕಾಣಿಸುತ್ತಿಲ್ಲ.' ಆರು ವರ್ಷದ ಕೆಲಸಕ್ಕೆ ಒಂದೇ ಸಾಲಾ? ಇದು ಆತ್ಮಿಕ ಯುದ್ಧದ ಥ್ರಿಲ್ಲರ್. ಇಲ್ಲಿ ದೇವದೂತರೂ ದುರಾತ್ಮಗಳೂ ಹೋರಾಡದೆ ಇನ್ಯಾರು ಹೋರಾಡಬೇಕು? ಅಮೆರಿಕದಲ್ಲಿ ಇಂಥ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗಿವೆ. ನಿಮಗೆ ಕಾಣದ ಲೋಕದ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಹಿಡಿಸಿಲ್ಲ. ಕೊನೆಗೆ ದೇವರೇ ಗೆಲ್ಲುವುದು ಅಂತ ಓದುಗರಿಗೆ ಮೊದಲೇ ಗೊತ್ತು. ಯುದ್ಧ ಜೋರು ಮಾಡದೆ ಕುತೂಹಲ ಉಳಿಸುವುದು ಹೇಗೆ, ನೀವೇ ಹೇಳಿ. ನನ್ನ ಹೆಸರು ಹಾಕಬೇಡಿ."

ಪ್ರಿಯ ಗೆಳೆಯರೇ,

ಹೆಸರು ಹಾಕುವುದಿಲ್ಲ. ಒಂದೇ ಸಾಲು ಬರೆದದ್ದು ನನ್ನ ತಪ್ಪು. ಆರು ವರ್ಷ ಕೂತು ಬರೆದವರಿಗೆ ಆರು ಸಾಲಾದರೂ ಕೊಡಬೇಕಿತ್ತು. ಇವತ್ತು ಬಡ್ಡಿ ಸಮೇತ ತೀರಿಸುತ್ತೇನೆ.

ಮೊದಲು ನಂಬಿಕೆಯ ಮಾತು ಮುಗಿಸಿಬಿಡೋಣ. ನಾನು ಏನನ್ನು ನಂಬುತ್ತೇನೆ ಅನ್ನುವುದು ಹಸ್ತಪ್ರತಿ ಓದುವಾಗ ಲೆಕ್ಕಕ್ಕೆ ಬರುವುದಿಲ್ಲ. ನಂಬದವನನ್ನೂ ಎರಡು ಗಂಟೆ ನಂಬಿಸುವುದೇ ಕಥೆಯ ಕೆಲಸ. ನಂಬುವವನಿಗೆ ಮಾತ್ರ ಹಿಡಿಸುವ ಕಥೆ ಇನ್ನೂ ಕಥೆ ಆಗಿಲ್ಲ, ಪಾಸ್ಟರ್ ಮಾಡುವ ಪ್ರಸಂಗ, ಅಂದರೆ ಉಪದೇಶ, ಆಗಿದೆ. ಪ್ರಸಂಗ ಕೆಟ್ಟದ್ದು ಅಂತಲ್ಲ, ಅದರ ಜಾಗ ಬೇರೆ.

ಇನ್ನು ಅಮೆರಿಕದ ಮಾತು. ನೀವು ಪುಸ್ತಕದ ಹೆಸರು ಹೇಳಿಲ್ಲ, ಆದರೆ ನಿಮ್ಮ ಮೊದಲ ಅಧ್ಯಾಯ ಹೇಳಿಬಿಟ್ಟಿದೆ. ರಾತ್ರಿ ಹೊತ್ತು ಇಬ್ಬರು ಎತ್ತರದ ಅಪರಿಚಿತರು ಊರೊಳಗೆ ಬರುತ್ತಾರೆ. ಅವರು ದೇವದೂತರು. ಫ್ರಾಂಕ್ ಪೆರೆಟ್ಟಿ 1986ರಲ್ಲಿ ಬರೆದ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್' ಶುರುವಾಗುವುದೇ ಹಾಗೆ. ಮೊದಮೊದಲು ಯಾರೂ ಕೇಳದ ಪುಸ್ತಕ ಅದು. ಆಮೇಲೆ ಬಾಯಿಂದ ಬಾಯಿಗೆ ಹರಡಿ 20 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಇವತ್ತು ಈ ಬಗೆಯ ಥ್ರಿಲ್ಲರ್ ಅಂದರೆ ಎಲ್ಲರೂ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ನೀವೂ ಮಾಡಿಕೊಂಡಿದ್ದೀರಿ. ತಪ್ಪೇನಿಲ್ಲ. ಆದರೆ ಅದರಿಂದ ತಗೊಳ್ಳಬೇಕಾದ್ದನ್ನು ಬಿಟ್ಟು ಬಿಡಬೇಕಾದ್ದನ್ನು ತಗೊಂಡಿದ್ದೀರಿ.

ಆ ಪುಸ್ತಕದಲ್ಲಿ ರೆಕ್ಕೆ, ಕತ್ತಿ, ಗಂಧಕದ ಹೊಗೆ ಎಲ್ಲ ಇದೆ, ನಿಜ. ಆದರೆ ಓದುಗರನ್ನು ರಾತ್ರಿ ಎರಡರವರೆಗೆ ಕೂರಿಸಿದ್ದು ಅದಲ್ಲ. ಊರ ಹಬ್ಬದ ರಾತ್ರಿ ಒಬ್ಬ ವರದಿಗಾರ್ತಿ ತೆಗೆಯಬಾರದ ಫೋಟೋ ತೆಗೆಯುತ್ತಾಳೆ. ಪೊಲೀಸರು ಸುಳ್ಳು ಕೇಸು ಹಾಕಿ ಲಾಕಪ್ಪಿಗೆ ತಳ್ಳುತ್ತಾರೆ. ಕ್ಯಾಮೆರಾ ವಾಪಸ್ ಸಿಗುತ್ತದೆ, ಫಿಲ್ಮ್ ಹಾಳಾಗಿದೆ. ಆ ಹಾಳಾದ ಫಿಲ್ಮ್ ಇದೆಯಲ್ಲ, ಅದು ಓದುಗರನ್ನು ಹಿಡಿದೆಳೆಯುವ ಕೊಕ್ಕೆ. ಇನ್ನೊಂದು ಕಡೆ, ಸಣ್ಣ ಚರ್ಚ್ ಸಭೆಯ ಪಾಸ್ಟರನ್ನು ಓಡಿಸಬೇಕು ಅಂತ ಸದಸ್ಯರೇ ಮತ ಹಾಕುತ್ತಾರೆ. ಅವನು ಕೂದಲೆಳೆಯಲ್ಲಿ ಉಳಿಯುತ್ತಾನೆ. ಮತದ ಚೀಟಿ ಎಣಿಸುವಾಗ ಇರುವ ಉಸಿರು ಬಿಗಿ ಹಿಡಿಯುವ ಗಳಿಗೆ ಆಕಾಶದ ಕತ್ತಿವರಸೆಯಲ್ಲಿ ಇಲ್ಲ. (ಆ ಕಾದಂಬರಿಯ ಒಬ್ಬ ನಾಯಕ ಸಣ್ಣ ಊರಿನ ಪತ್ರಿಕೆಯ ಸಂಪಾದಕ. ಅದಕ್ಕೇ ನನಗೆ ಇಷ್ಟವಾಗಿದ್ದರೆ ಕ್ಷಮಿಸಿ. ನಮ್ಮನ್ನು ನಾಯಕರು ಮಾಡುವವರು ಕಡಿಮೆ.)

ಪೆರೆಟ್ಟಿ ಇನ್ನೊಂದು ಜಾಣತನ ಮಾಡಿದ್ದಾರೆ. ಅಲ್ಲಿನ ದೇವದೂತರ ಬಲ ಊರಿನ ಜನ ಮಾಡುವ ಪ್ರಾರ್ಥನೆಗೆ ಕಟ್ಟುಬಿದ್ದಿದೆ. ಪ್ರಾರ್ಥಿಸುವವರು ಸಾಲದಿದ್ದರೆ ದೂತರ ನಾಯಕನೂ ಕೈಕಟ್ಟಿ ಕಾಯಬೇಕು. ಇದು ದೇವಶಾಸ್ತ್ರವಾಗಿ ಸರಿಯೋ ತಪ್ಪೋ ಅಂತ ಜಗಳ ಇದೆ. ದೇವರು ನಮ್ಮ ಪ್ರಾರ್ಥನೆಯ ಬ್ಯಾಟರಿಯಲ್ಲಿ ಓಡುತ್ತಾನಾ ಅಂತ ಕೇಳುವವರಿದ್ದಾರೆ. ಅವರ ಮಾತಿಗೂ ತೂಕ ಇದೆ. ಕಥೆ ಕಟ್ಟುವವನ ಕಣ್ಣಿಂದ ನೋಡಿದರೆ ಮಾತ್ರ ಅದು ಗಟ್ಟಿ ಗಂಟು. ಮೇಲಿನ ಯುದ್ಧ ಕೆಳಗೆ ಒಬ್ಬ ಮುದುಕಿ ಮಂಡಿಯೂರುತ್ತಾಳೋ ಇಲ್ಲವೋ ಅನ್ನುವುದಕ್ಕೆ ತಳುಕು ಹಾಕಿಕೊಂಡಿತು.

ನಿಮ್ಮ ಕಾದಂಬರಿಯಲ್ಲಿ ಈ ಗಂಟು ಇಲ್ಲ. ಮೇಲಿನವರು ಹೊಡೆದಾಡುತ್ತಾರೆ, ಕೆಳಗಿನವರು ನೋಡುತ್ತಾರೆ. ಎಷ್ಟೋ ಕಡೆ ನೋಡುವುದೂ ಇಲ್ಲ. ಒಂಬತ್ತನೇ ಅಧ್ಯಾಯದ ನಲವತ್ತು ಪುಟದಲ್ಲಿ ಒಬ್ಬ ಮನುಷ್ಯನೂ ಬರಲಿಲ್ಲ. ನಾನು ಎಣಿಸಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಗೆಲ್ಲುವವರು ಗೊತ್ತಿರುವಾಗ ಕುತೂಹಲ ಎಲ್ಲಿಂದ?

ರನ್ನನ ಗದಾಯುದ್ಧ ಓದುವವರಿಗೆ ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿಲ್ವಾ? ಆದರೂ ಅವನು ನೀರೊಳಗೆ ಇದ್ದುಕೊಂಡೇ ಬೆವರುತ್ತಾನಲ್ಲ, ಅಲ್ಲಿಗೆ ಬಂದಾಗ ಸಾವಿರ ವರ್ಷದ ಮೇಲೂ ನಾವು ನಿಲ್ಲುತ್ತೇವೆ. ಯಾರು ಗೆಲ್ಲುತ್ತಾರೆ ಅನ್ನುವುದು ಆಟದ ಫಲಿತಾಂಶ. ಕಥೆ ಬೆವರಿನಲ್ಲಿದೆ.

ಮಿಲ್ಟನ್‌ಗೂ ಇದೇ ಕಷ್ಟ ಬಂದಿತ್ತು. 1667ರ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ಸ್ವರ್ಗದಲ್ಲಿ ಮೂರು ದಿನ ಯುದ್ಧ ನಡೆಯುತ್ತದೆ. ಸಾಯಲಾರದವರು ಸಾಯಲಾರದವರ ಮೇಲೆ ಬೀಳುತ್ತಾರೆ. ಸೈತಾನನ ಕಡೆಯವರು ಫಿರಂಗಿ ತರುತ್ತಾರೆ, ದೇವದೂತರು ಗುಡ್ಡಗಳನ್ನೇ ಕಿತ್ತು ಎಸೆಯುತ್ತಾರೆ. ಎರಡು ದಿನ ಹೊಡೆದಾಡಿದರೂ ಯಾರೂ ಸೋಲುವುದಿಲ್ಲ. ಅಷ್ಟು ದೊಡ್ಡ ಕವಿ, ಅಷ್ಟು ದೊಡ್ಡ ಯುದ್ಧ. ನೂರು ವರ್ಷ ಕಳೆದ ಮೇಲೆ ಇಂಗ್ಲಿಷ್ ವಿಮರ್ಶಕ ಸ್ಯಾಮುಯಲ್ ಜಾನ್ಸನ್ ಅದನ್ನು ಓದಿ ಮುಖ ಸಿಂಡರಿಸಿದರು. ಆತ್ಮ ಯಾವುದು, ದೇಹ ಯಾವುದು ಅಂತ ಕಲಸಿಹೋಗಿದೆ, ಈ ಭಾಗ ಮಕ್ಕಳಿಗೆ ಇಷ್ಟ, ತಿಳಿವಳಿಕೆ ಬೆಳೆದಂತೆ ಓದುಗರು ಬಿಟ್ಟುಬಿಡುತ್ತಾರೆ ಅಂದರು. ಮಿಲ್ಟನ್ನನೇ ಒಂದು ಕಡೆ ಸಿಕ್ಕಿಬೀಳುತ್ತಾನೆ ನೋಡಿ: ಮೈಮೇಲೆ ಆ ಕವಚಗಳು ಇಲ್ಲದಿದ್ದರೆ ದೂತರು ಆತ್ಮಗಳಾದ್ದರಿಂದ ಸುಲಭವಾಗಿ ತಪ್ಪಿಸಿಕೊಳ್ಳಬಹುದಿತ್ತು ಅಂತ ಬರೆಯುತ್ತಾನೆ. ಹಾಗಾದರೆ ಯಾಕಪ್ಪಾ ತೊಟ್ಟುಕೊಂಡರು ಅಂತ ನಮಗೆ ಅನ್ನಿಸುತ್ತದೆ. ಮಿಲ್ಟನ್ನನಿಗೇ ಹೀಗಾದರೆ ನಿಮ್ಮ ಒಂಬತ್ತನೇ ಅಧ್ಯಾಯ ಯಾವ ಲೆಕ್ಕ? ನನ್ನ ಕೈಯಲ್ಲೂ ಆಗುವ ಕೆಲಸ ಅಲ್ಲ ಅದು.

ಅದೇ ಬೈಬಲ್ಲಿನಲ್ಲಿ ಈ ಯುದ್ಧ ಹೇಗೆ ಬರುತ್ತದೆ ನೋಡಿ. ದಾನಿಯೇಲನ ಪುಸ್ತಕದ ಹತ್ತನೇ ಅಧ್ಯಾಯ ತೆಗೆಯಿರಿ. ಈ ಇಡೀ ಬಗೆಯ ಥ್ರಿಲ್ಲರ್‌ಗೆ ಬೀಜ ಅದೇ ಅಧ್ಯಾಯ. ದಾನಿಯೇಲ ಮೂರು ವಾರ ಸರಿಯಾಗಿ ಉಣ್ಣದೆ ಪ್ರಾರ್ಥನೆ ಮಾಡುತ್ತಾನೆ. ಉತ್ತರ ಇಲ್ಲ. ಕೊನೆಗೆ ದೂತ ಬಂದು ಹೇಳುತ್ತಾನೆ: ನಿನ್ನ ಮಾತು ಮೊದಲ ದಿನವೇ ಕೇಳಿಸಿತ್ತು, ಪಾರಸಿಯ ರಾಜ್ಯದ ಅಧಿಪತಿ (ಆ ರಾಜ್ಯದ ಹಿಂದಿರುವ ದುರಾತ್ಮ ಅಂತ ಓದುತ್ತಾರೆ) 21 ದಿನ ನನ್ನನ್ನು ತಡೆದ, ಪ್ರಧಾನ ದೂತ ಮಿಕಾಯೇಲ ಬಂದ ಮೇಲೆ ಬಿಡಿಸಿಕೊಂಡೆ. ಅಷ್ಟೇ. ಆ 21 ದಿನದ ಕಾಳಗದ ಒಂದು ಏಟೂ ನಮಗೆ ಕಾಣುವುದಿಲ್ಲ. ಕಾಣುವುದು ಕೆಳಗೆ ಹೊಟ್ಟೆ ಒಣಗಿಸಿಕೊಂಡು ಕೂತ ಮುದುಕ. ಇಪ್ಪತ್ತನೇ ದಿನ ಅವನು ಎದ್ದುಹೋಗಿದ್ದರೆ? ಥ್ರಿಲ್ಲರ್ ಬೇಕಾದ್ದು ಆ ಇಪ್ಪತ್ತನೇ ದಿನದ್ದು.

ಯೋಬನ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯೋಬನನ್ನು ಪರೀಕ್ಷಿಸುವ ಬಗ್ಗೆ ಮೇಲೆ ದೇವರಿಗೂ ಸೈತಾನನಿಗೂ ನಡೆದ ಮಾತುಕತೆ ಮೊದಲ ಎರಡು ಅಧ್ಯಾಯದಲ್ಲೇ ಓದುಗರಿಗೆ ಗೊತ್ತಾಗುತ್ತದೆ. ಯೋಬನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಸೈತಾನ ಎರಡನೇ ಅಧ್ಯಾಯದ ನಂತರ ಮತ್ತೆ ಬರುವುದೇ ಇಲ್ಲ. ಉಳಿದ ನಲವತ್ತು ಅಧ್ಯಾಯ ಒಬ್ಬ ಮನುಷ್ಯ ಏನು ಹೇಳುತ್ತಾನೆ, ಏನು ಹೇಳದೆ ಉಳಿಯುತ್ತಾನೆ ಅನ್ನುವುದರ ಮೇಲೆಯೇ ನಿಂತಿದೆ. ದೇವರು ಗೆಲ್ಲುತ್ತಾನಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಈ ಮನುಷ್ಯ ಮುರಿಯುತ್ತಾನಾ ಅಂತ ಕೇಳುತ್ತೇವೆ.

ಈಗ ನಿಮ್ಮ ಏಳನೇ ಅಧ್ಯಾಯಕ್ಕೆ ಬರುತ್ತೇನೆ. ನನ್ನ ಚೀಟಿ ಹುಟ್ಟಿದ್ದು ಅಲ್ಲೇ.

ಭಾನುವಾರ ಮಧ್ಯಾಹ್ನ. ಎಲ್ಲರೂ ಮನೆಗೆ ಹೋಗಿದ್ದಾರೆ. ಸಭೆಯ ಖಜಾಂಚಿ ಒಬ್ಬನೇ ಕೂತು ಕಾಣಿಕೆ ಎಣಿಸುತ್ತಿದ್ದಾನೆ. ನೋಟುಗಳ ಮುಖ ಒಂದೇ ಕಡೆ ಮಾಡುತ್ತಾನೆ, ರಬ್ಬರ್ ಬ್ಯಾಂಡ್ ಹಾಕುತ್ತಾನೆ. ಸಾಲ ಕೊಟ್ಟವನ ಫೋನ್ ಬೆಳಗಿನಿಂದ ಮೂರು ಸಲ ಬಂದಿದೆ, ಎತ್ತಿಲ್ಲ. ಇಲ್ಲಿಯವರೆಗೆ ಎಷ್ಟು ಚೆನ್ನಾಗಿ ಬರೆದಿದ್ದೀರಿ ಗೊತ್ತಾ? ಆ ನೋಟು ತಿರುಗಿಸುವ ಕೈ ನನಗೆ ಕಾಣಿಸಿತು. ಇಷ್ಟು ನೀಟಾಗಿ ಜೋಡಿಸುವವನು ಕದಿಯಲಾರ ಅಂತ ಒಂದು ಮನಸ್ಸು, ಇವತ್ತು ಕದ್ದೇ ಕದಿಯುತ್ತಾನೆ ಅಂತ ಇನ್ನೊಂದು ಮನಸ್ಸು.

ಅಷ್ಟರಲ್ಲಿ ನೀವು ಗೋಡೆ ಒಡೆದುಕೊಂಡು ದುರಾತ್ಮವನ್ನು ಒಳಗೆ ತಂದಿರಿ. ಏಳಡಿ ಎತ್ತರ, ಹಳದಿ ಕಣ್ಣು, ತೊಗಲಿನ ರೆಕ್ಕೆ. ಅದು ಅವನ ಮಣಿಕಟ್ಟು ಹಿಡಿದು ಕೈಯನ್ನು ಪೆಟ್ಟಿಗೆಯೊಳಗೆ ತಳ್ಳಿತು. ಅಲ್ಲಿಗೆ ಖಜಾಂಚಿ ಸತ್ತ. ಕೈ ತಳ್ಳಿದ್ದು ದೆವ್ವ ಅಂದಮೇಲೆ ಅವನು ಕಳ್ಳನೂ ಅಲ್ಲ, ಒಳ್ಳೆಯವನೂ ಅಲ್ಲ, ಬರೀ ಕೈಗವಸು. ಆಮೇಲೆ ಹನ್ನೆರಡನೇ ಅಧ್ಯಾಯದಲ್ಲಿ ಅವನು ಗೋಳೋ ಅಂತ ಅತ್ತು ಪಶ್ಚಾತ್ತಾಪಪಡುವಾಗ ನನಗೆ ಏನೂ ಅನ್ನಿಸಲಿಲ್ಲ. ಯಾವುದಕ್ಕೆ ಅಳುತ್ತಾನೆ ಅವನು? ಕೆಲಸ ಮಾಡಿದ್ದು ಇನ್ನೊಬ್ಬರಲ್ವಾ?

ನಾನಾಗಿದ್ದರೆ ದೆವ್ವವನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದೆ. ಒಂದೇ ಮಾತು ಆಡಿಸುತ್ತಿದ್ದೆ: "ತಿಂಗಳ ಕೊನೆಗೆ ವಾಪಸ್ ಹಾಕಿದರಾಯ್ತು." ಇದು ಅವನ ಸ್ವಂತ ಯೋಚನೆಯ ಧ್ವನಿಯಲ್ಲೇ ಇರಬೇಕು, ದೆವ್ವ ಆಡಿದ್ದೋ ಅವನೇ ಅಂದುಕೊಂಡದ್ದೋ ಗೊತ್ತಾಗಬಾರದು. ಆಮೇಲೆ ಖಜಾಂಚಿ ಲೆಕ್ಕದ ಪುಸ್ತಕ ತೆರೆಯುತ್ತಾನೆ. ಜೇಬಿನ ಪೆನ್ನಿಗೆ ಕೈ ಹಾಕುತ್ತಾನೆ. ನಿಲ್ಲಿಸುತ್ತಾನೆ. ಡ್ರಾಯರ್ ಎಳೆದು ಪೆನ್ಸಿಲ್ ಹುಡುಕುತ್ತಾನೆ. ಆ ವಾರದ ಮೊತ್ತವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ದೆವ್ವ ಅದನ್ನು ನೋಡಿ ಸುಮ್ನೆ ಹೊರಟುಹೋಗುತ್ತದೆ. ಇನ್ನು ಅಲ್ಲಿ ಅದಕ್ಕೆ ಕೆಲಸ ಇಲ್ಲ.

ಹೀಗೆ ಬರೆದರೆ ಮುಂದಿನ ಐದು ಅಧ್ಯಾಯ ಓದುಗ ಆ ಪೆನ್ಸಿಲ್ ಅಂಕಿಯ ಬಗ್ಗೆಯೇ ಯೋಚಿಸುತ್ತಾನೆ. ಯಾರು ಪುಸ್ತಕ ತೆರೆಯುತ್ತಾರೆ? ಯಾವಾಗ? ರಬ್ಬರಿನಿಂದ ಅಳಿಸಿ ಸರಿಯಾದ ಮೊತ್ತ ಬರೆಯಲು ಅವನಿಗೆ ಪ್ರತಿ ಭಾನುವಾರ ಒಂದು ಅವಕಾಶ ಇದೆ. ಪ್ರತಿ ಭಾನುವಾರ ಬಿಡುತ್ತಾನೆ. ನಿಮ್ಮ ಕುತೂಹಲ ಅಲ್ಲಿದೆ, ಒಂದು ಹನಿ ಗಂಧಕ ಖರ್ಚಿಲ್ಲದೆ.

ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಇದನ್ನು ಚೆನ್ನಾಗಿ ತಿಳಿದಿದ್ದರು. ಹಿರಿಯ ದೆವ್ವವೊಂದು ಅಣ್ಣನದೋ ತಂಗಿಯದೋ ಮಗನಾದ ಕಿರಿಯ ದೆವ್ವಕ್ಕೆ ಬರೆಯುವ 31 ಪತ್ರಗಳನ್ನು 1941ರಲ್ಲಿ ಒಂದು ಚರ್ಚ್ ವಾರಪತ್ರಿಕೆಗೆ ಬರೆದರು. ಮರುವರ್ಷ ಅದು 'ದಿ ಸ್ಕ್ರೂಟೇಪ್ ಲೆಟರ್ಸ್' ಅನ್ನುವ ಪುಸ್ತಕವಾಗಿ ಬಂತು. ಆಗ ಮಹಾಯುದ್ಧ ನಡೆಯುತ್ತಿತ್ತು, ಇಂಗ್ಲೆಂಡಿನ ಮೇಲೆ ಬಾಂಬು ಬಿದ್ದಿತ್ತು. ಆದರೂ ಅವರ ದೆವ್ವಗಳಿಗೆ ಬಾಂಬಿಗಿಂತ ಮನೆಯೊಳಗಿನ ಸಣ್ಣ ಸಣ್ಣ ಕಿರಿಕಿರಿಯೇ ಇಷ್ಟ. ನರಕವನ್ನು ಅವರು ಬೆಂಕಿಯ ಹೊಂಡ ಮಾಡಲಿಲ್ಲ, ಒಂದು ಕಚೇರಿ ಮಾಡಿದರು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಅದು ನಿಜ ಅನ್ನಿಸುತ್ತದೆ.

ಅವರು ಆಮೇಲೆ ಬರೆದುಕೊಂಡ ಒಂದು ಮಾತು ನಿಮಗೆ ಬೇಕು. ದೆವ್ವದ ಧ್ವನಿಯಲ್ಲಿ ಬರೆಯುವುದು ಸುಲಭವಾಗಿತ್ತಂತೆ, ಆದರೆ ಬರೆಯುತ್ತಾ ಮನಸ್ಸೆಲ್ಲ ಧೂಳು ತುಂಬಿದಂತಾಗಿತ್ತಂತೆ. ಸರಿದೂಗಿಸಲು ಪ್ರಧಾನ ದೂತನೊಬ್ಬನ ಪತ್ರಗಳೂ ಇರಬೇಕಿತ್ತು, ಆದರೆ ಆ ಶೈಲಿ ತರುವವರು ಯಾರು ಅಂತ ಕೈಬಿಟ್ಟರು. ನಿಮ್ಮ ಕಾದಂಬರಿಯಲ್ಲೂ ಹೀಗೇ ಆಗಿದೆ. ನಿಮ್ಮ ದುರಾತ್ಮಗಳು ಲವಲವಿಕೆಯಿಂದ ಇವೆ. ಒಂದಕ್ಕೊಂದು ಚಾಡಿ ಹೇಳುತ್ತವೆ, ಬಡ್ತಿಗೆ ಕಿತ್ತಾಡುತ್ತವೆ, ನಗು ಬರಿಸುತ್ತವೆ. ದೇವದೂತರು ಮಾತ್ರ ಬಂದಾಗಲೆಲ್ಲ ಭಾಷಣ. ಕತ್ತಿ ಎತ್ತಿ ಅರ್ಧ ಪುಟ ಬೈದು ಆಮೇಲೆ ಹೊಡೆಯುತ್ತಾರೆ. ಬೈಬಲ್ಲಿನ ಯೂದನ ಪತ್ರಿಕೆ ಒಂಬತ್ತನೇ ವಚನ ನೋಡಿ. ಮೋಶೆಯ ಶವಕ್ಕಾಗಿ ಸೈತಾನನ ಜೊತೆ ವಾದ ಬಂದಾಗ ಪ್ರಧಾನ ದೂತ ಮಿಕಾಯೇಲನೇ ಬೈಯುವ ಧೈರ್ಯ ಮಾಡಲಿಲ್ಲ. ಕರ್ತನು ನಿನ್ನನ್ನು ಗದರಿಸಲಿ ಅಂದ, ಮುಗಿಸಿದ. ನಿಮ್ಮ ದೂತರಿಗೆ ಅಷ್ಟೇ ಮಾತು ಕೊಡಿ. ಎದೆ ನಡುಗುವುದು ಕಡಿಮೆ ಮಾತಾಡುವವರನ್ನು ಕಂಡಾಗಲೇ.

ಇನ್ನೊಂದು ವಿಷಯ ಇದೆ. ಚೀಟಿಯಲ್ಲಿ ಬರೆಯಲಾಗದ್ದು. ಇಲ್ಲಿ ಸ್ವಲ್ಪ ಖಾರವಾದರೆ ತಡೆದುಕೊಳ್ಳಿ.

ನಿಮ್ಮ ಕಾದಂಬರಿಯ ಬೀದಿಯ ಕೊನೆಯಲ್ಲಿ ಒಂಟಿ ಹೆಂಗಸೊಬ್ಬಳ ಮನೆ ಇದೆ. ಅವಳು ಸಭೆಗೆ ಬರುವುದಿಲ್ಲ. ಕಣ್ಣು ಮುಚ್ಚಿ ಧ್ಯಾನ ಮಾಡುತ್ತಾಳೆ. ಮನೆಯಲ್ಲಿ ಬೆಕ್ಕುಗಳಿವೆ. ಐದನೇ ಪುಟದಲ್ಲೇ ನನಗೆ ಗೊತ್ತಾಯಿತು, ದೆವ್ವಗಳ ಠಾಣೆ ಇವಳ ಮನೆಯೇ ಅಂತ. ಹಾಗೇ ಆಯಿತು. ಇದೂ ಅಮೆರಿಕದ ಅಚ್ಚು. ಪೆರೆಟ್ಟಿಯ ಪುಸ್ತಕದಲ್ಲೂ ಧ್ಯಾನ, ಮನಶ್ಶಾಸ್ತ್ರದ ಪಾಠ ಎಲ್ಲ ದುರಾತ್ಮಗಳ ಬಾಗಿಲು. ಅದನ್ನು ಆ ಪುಸ್ತಕದ ದೊಡ್ಡ ದೋಷ ಅಂತಲೇ ನಾನು ಎಣಿಸುತ್ತೇನೆ.

ಯಾಕೆ ಅಂದರೆ ಇಂಥ ಕಥೆ ಪುಸ್ತಕದೊಳಗೆ ಸುಮ್ಮನೆ ಕೂರುವುದಿಲ್ಲ. 1980ರ ದಶಕದ ಅಮೆರಿಕದಲ್ಲಿ ಸೈತಾನ ಪೂಜೆಯ ಗುಮಾನಿ ಜ್ವರದ ಹಾಗೆ ಹರಡಿತ್ತು. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ 1983ರಲ್ಲಿ ಮಕ್ಕಳ ಮೇಲೆ ದೌರ್ಜನ್ಯದ ದೂರು ಬಂತು. ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಿ ಕೇಳಿ ಸುರಂಗದ ಕಥೆಗಳು, ವಿಚಿತ್ರ ಪೂಜೆಯ ಕಥೆಗಳು ಹುಟ್ಟಿಕೊಂಡವು. 1990ರವರೆಗೆ ಕೇಸು ಎಳೆಯಿತು. ಒಬ್ಬರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರ ಬದುಕು ಮುಗಿದಿತ್ತು. ನಾನು ಸೈತಾನನ ಪೂಜಾರಿಯಾಗಿದ್ದೆ ಅಂತ ಒಬ್ಬರು ಬರೆದ ಆತ್ಮಕಥೆ ಇಪ್ಪತ್ತು ವರ್ಷ ಸಭೆಗಳಲ್ಲಿ ಓಡಿತು. ಅದು ಕಟ್ಟುಕಥೆ ಅಂತ 1992ರಲ್ಲಿ ಬಯಲಿಗೆಳೆದದ್ದು 'ಕಾರ್ನರ್‌ಸ್ಟೋನ್' ಅನ್ನುವ ಕ್ರೈಸ್ತ ಪತ್ರಿಕೆಯೇ. ಅದನ್ನು ನೆನೆದಾಗ ನಮ್ಮ ವೃತ್ತಿಯ ಬಗ್ಗೆ ಸ್ವಲ್ಪ ಹೆಮ್ಮೆ ಆಗುತ್ತದೆ.

ಅದೇ ಹೊತ್ತಿಗೆ ಅಮೆರಿಕದ ದೇವಶಾಸ್ತ್ರ ಕಾಲೇಜಾದ ಫುಲ್ಲರ್ ಸೆಮಿನರಿಯ ಪೀಟರ್ ವ್ಯಾಗ್ನರ್ ಮುಂತಾದವರು ಒಂದೊಂದು ಊರಿಗೂ ಒಂದೊಂದು ದುರಾತ್ಮದ ಆಳ್ವಿಕೆ ಇದೆ ಅಂತ ಹೇಳುತ್ತಿದ್ದರು. ಯಾವ ಬೀದಿಯಲ್ಲಿ ಯಾವುದು ಕೂತಿದೆ ಅಂತ ಗುರುತು ಹಾಕಿದ 'ಆತ್ಮಿಕ ನಕ್ಷೆ'ಗಳು 1990ರ ದಶಕದಲ್ಲಿ ತಯಾರಾದವು. ಕಾದಂಬರಿಯಿಂದಲೇ ಇದೆಲ್ಲ ಹುಟ್ಟಿತು ಅಂತ ನಾನು ಹೇಳುವುದಿಲ್ಲ. ಎರಡೂ ಒಂದೇ ಗಾಳಿಯಲ್ಲಿ ಬೆಳೆದವು. ಆದರೆ ನಕ್ಷೆಯಲ್ಲಿ ಯಾರದೋ ಮನೆಗೆ ಕೆಂಪು ಗುರುತು ಬಿದ್ದರೆ, ಆ ಮನೆಯಲ್ಲಿ ಇರುವುದು ಮನುಷ್ಯರು.

ಈ ಬಗೆಯ ಕಾದಂಬರಿಗಳೆಲ್ಲ ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದ ಹನ್ನೆರಡನೇ ವಚನದ ಮೇಲೆ ನಿಂತಿವೆ. ಪೆರೆಟ್ಟಿಯ ಪುಸ್ತಕದ ಹೆಸರೂ ಅಲ್ಲಿಂದಲೇ. ನೀವೂ ಅದನ್ನೇ ಮೊದಲ ಪುಟದಲ್ಲಿ ಹಾಕಿದ್ದೀರಿ. ಆ ವಚನ ಶುರುವಾಗುವುದು ಹೇಗೆ, ಇನ್ನೊಮ್ಮೆ ಓದಿ. ನಾವು ಹೋರಾಡುವುದು ಮನುಷ್ಯರ ಜೊತೆ ಅಲ್ಲ ಅಂತ. ಅಧಿಕಾರಗಳು, ಅಂಧಕಾರದ ಲೋಕಾಧಿಪತಿಗಳು, ದುರಾತ್ಮಗಳ ಸೇನೆ ಎಲ್ಲ ಆಮೇಲೆ. ಮೊದಲ ಪುಟದಲ್ಲಿ ಈ ಮಾತು ಹಾಕಿ ಐದನೇ ಪುಟದಲ್ಲಿ ಒಂಟಿ ಹೆಂಗಸಿನ ಮೇಲೆ ಬೆರಳು ತೋರಿಸಿದರೆ ಹೇಗೆ? ಅವಳನ್ನು ಕಾದಂಬರಿಯಿಂದ ತೆಗೆಯಬೇಡಿ. ಬೇಕಾದರೆ ಓದುಗನಿಗೆ ಅವಳ ಮೇಲೆಯೇ ಅನುಮಾನ ಬರಲಿ. ಆಮೇಲೆ ಆ ಅನುಮಾನವೇ ದುರಾತ್ಮದ ಕೆಲಸ ಅಂತ ಗೊತ್ತಾಗಲಿ. ಅದು ತಿರುವು! ಬರೆಯುತ್ತಾ ನನಗೇ ಆಸೆ ಆಗುತ್ತಿದೆ.

ಭಯ ಹುಟ್ಟಿಸುವುದು ಹೇಗೆ ಅಂತ ಕಲಿಯಬೇಕಾದರೆ ಮಾರ್ಕನ ಸುವಾರ್ತೆಯ ಐದನೇ ಅಧ್ಯಾಯ ಸಾಕು. ಸಮಾಧಿಗಳ ನಡುವೆ ಕಿರುಚುತ್ತಾ, ಸರಪಳಿ ಕಿತ್ತುಕೊಂಡು, ಕಲ್ಲಿನಿಂದ ಮೈ ಕೊಯ್ದುಕೊಳ್ಳುತ್ತಿದ್ದ ಮನುಷ್ಯ. ದೆವ್ವಗಳು ಅವನನ್ನು ಬಿಟ್ಟು ಹಂದಿಗಳೊಳಗೆ ಹೊಕ್ಕು, ಹೆಚ್ಚುಕಡಿಮೆ ಎರಡು ಸಾವಿರ ಹಂದಿ ಕೆರೆಗೆ ಬಿದ್ದು ಸಾಯುತ್ತವೆ. ನೀವಾಗಿದ್ದರೆ ಅಲ್ಲಿಗೆ ಅಧ್ಯಾಯ ಮುಗಿಸುತ್ತಿದ್ದಿರಿ. ಮಾರ್ಕ ಮುಗಿಸುವುದಿಲ್ಲ. ಊರಿನವರು ಓಡಿ ಬಂದು ನೋಡುತ್ತಾರೆ. ಆ ಮನುಷ್ಯ ಬಟ್ಟೆ ತೊಟ್ಟು, ಬುದ್ಧಿ ನೆಟ್ಟಗಾಗಿ, ಸುಮ್ಮನೆ ಕೂತಿದ್ದಾನೆ. ಅವರು ಹೆದರುವುದು ಆಗ. ಯೇಸುವಿಗೆ ಇಲ್ಲಿಂದ ಹೋಗಿಬಿಡು ಅನ್ನುತ್ತಾರೆ. ಆ ಬಟ್ಟೆ ಯಾರು ಕೊಟ್ಟರು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಿಮ್ಮ ಹಸ್ತಪ್ರತಿಯಲ್ಲೂ ಅಂಥದ್ದೊಂದು ಜಾಗ ಇದೆ. ಅದಿಲ್ಲದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹದಿನಾಲ್ಕನೇ ಅಧ್ಯಾಯದ ಅಜ್ಜಿ. ಊರಿಗಾಗಿ ಇಡೀ ರಾತ್ರಿ ಪ್ರಾರ್ಥಿಸುತ್ತೇನೆ ಅಂತ ಮಾತು ಕೊಟ್ಟಿದ್ದಾಳೆ. ಮಂಡಿ ನೋವು, ಅದಕ್ಕೆ ದಿಂಬು ಹಾಕಿಕೊಳ್ಳುತ್ತಾಳೆ. ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ಖಜಾಂಚಿಯ ಹೆಸರು ಬರುವ ಹೊತ್ತಿಗೆ ತೂಕಡಿಕೆ. ಆ ಹೆಸರು ಅರ್ಧಕ್ಕೆ ನಿಲ್ಲುತ್ತದೆ, ತಲೆ ಮಂಚದ ಅಂಚಿಗೆ ಒರಗುತ್ತದೆ. ಓದುತ್ತಾ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಂದೆ.

ಮುಂದಿನ ಪುಟ ತಿರುಗಿಸಿದರೆ ಮತ್ತೆ ಆಕಾಶದಲ್ಲಿ ಕತ್ತಿ. ಅಜ್ಜಿ ಮತ್ತೆ ಬರಲೇ ಇಲ್ಲ. ಎದ್ದಳಾ? ಎಷ್ಟು ಹೊತ್ತಿಗೆ? ಎದ್ದ ಮೇಲೆ ಎಲ್ಲಿ ನಿಂತಿದ್ದೆ ಅಂತ ನೆನಪಾಯಿತಾ, ಇಲ್ಲಾ ಮೊದಲಿನಿಂದ ಶುರು ಮಾಡಿದಳಾ?

ಅದನ್ನು ಬರೆದು ಕಳಿಸಿ. ಇಡೀ ಕಾದಂಬರಿ ಈಗಲೇ ಬೇಡ, ಏಳನೇ ಅಧ್ಯಾಯ ಮತ್ತು ಹದಿನಾಲ್ಕನೇ ಅಧ್ಯಾಯ ಸಾಕು. ಪುಟಸಂಖ್ಯೆ ಸರಿಯಾಗಿ ಹಾಕಿ. ಕಳೆದ ಸಲ 112 ಆದಮೇಲೆ ನೇರ 131 ಇತ್ತು. ಹತ್ತೊಂಬತ್ತು... ಅಲ್ಲ, ಹದಿನೆಂಟು ಪುಟ ಎಲ್ಲಿ ಹೋಯಿತು ಅಂತ ನಾವು ಕಚೇರಿಯಲ್ಲಿ ಎರಡು ದಿನ ಹುಡುಕಿದೆವು. ಯಾರ ಕೈವಾಡ ಅಂತ ನಾನು ಹೇಳುವುದಿಲ್ಲ.

ಸಂಪಾದಕ